ಕೂಸಿನ ಮುಖಕ್ಕೆ ಬೇಕಾದಷ್ಟು ಬೆಳಕು

ಬುಧವಾರ ಪೇಠೆ, ಪುಣೆ
ಆಗಸ್ಟ್ ೧೯೪೩

ಅಕ್ಕನಿಗೆ ದಿಗಂಬರನ ನಮಸ್ಕಾರ.

ನನ್ನ ಕೆಮ್ಮು ನಿಂತಿದೆ, ಚಿಂತಿಸಬೇಡ. ಸ್ಟುಡಿಯೋದಲ್ಲಿ ಈಗ ಫೋಟೋ ತೆಗೆಯುವ ಕೆಲಸವನ್ನು ನನಗೇ ಬಿಟ್ಟಿದ್ದಾರೆ. ನಿನ್ನೆ ಬೆಳಗಾವಿ ಕಡೆಯ ಕಾಶವ್ವ ಎಂಬ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ಬಂದಳು. ಗಂಡ ಯುದ್ಧಕ್ಕೆ ಹೋದ ಮೇಲೆ ಹುಟ್ಟಿದ ಕೂಸು. ಅವನಿಗೆ ಫೋಟೋ ಕಳಿಸಬೇಕಂತೆ. ಹೊರಗೆ ಮೋಡ, ಒಳಗೆ ಬೆಳಕು ಕಡಿಮೆ, ಕೂಸಂತೂ ಒಂದು ಗಳಿಗೆ ಸುಮ್ಮನಿರದು. ಕ್ಯಾಮೆರಾದ ಗಾಜಿನಲ್ಲಿ ಬೆಳಕು ಬರುವ ಕಿಂಡಿಯೊಂದಿದೆ. ಕಣ್ಣಿನ ಪಾಪೆಯಂತೆ ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ನಾನು ಪೂರ್ತಿ ಹಿಗ್ಗಿಸಿದೆ. ಬೇಕಾದಷ್ಟು ಬೆಳಕು ಕ್ಷಣದಲ್ಲಿ ಒಳಬಂದು, ಕೂಸು ಅಲುಗುವ ಮೊದಲೇ ಚಿತ್ರ ಮೂಡಿತು. ಆದರೆ ಕಿಂಡಿ ಅಷ್ಟು ದೊಡ್ಡದಾದರೆ, ನಾವು ಗುರಿಯಿಟ್ಟ ಮುಖವಷ್ಟೇ ಸ್ಪಷ್ಟವಾಗಿ ಬರುತ್ತದೆ. ಇಂದು ಆಕೆ ಫೋಟೋ ಒಯ್ಯಲು ಬಂದಾಗ ನೋಡಿದರೆ ಕೂಸಿನ ರೆಪ್ಪೆಗೂದಲೂ ಕಾಣುತ್ತಿತ್ತು. ಹಿಂದೆ ಕೂತು ಅದನ್ನು ಹಿಡಿದಿದ್ದ ಕಾಶವ್ವನ ಮುಖ ಮಸುಕಾಗಿತ್ತು.

ನನಗೆ ಕೆಡುಕೆನಿಸಿ, "ಕೂಡ್ರಿ ಅಕ್ಕಾರ, ಇನ್ನೊಂದು ತೆಗೀತೀನಿ" ಎಂದೆ.

ಆಕೆ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು, "ಇರ್ಲಿ ಬಿಡ್ರಿ. ನನ್ನ ಮಾರಿ ಅವ್ರು ನೋಡ್ಯಾರ" ಎಂದಳು.

ಟಪಾಲಿನ ಹೊತ್ತಾಯಿತು.
ನಿನ್ನ ತಮ್ಮ