ಮಾವನ ಎಣ್ಣೆ, ನಿಮ್ಮ ಬೈಕು

ಕಾಪು
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ರೂಪೇಶ್ ಅವರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಮಸ್ಕತ್ತಿನಲ್ಲಿ ಈಗ ಸೆಕೆ ಇಳಿದಿರಬೇಕು. ಹೋಟೆಲಿನ ಊಟ ಬಿಟ್ಟು ರೂಮಿನಲ್ಲೇ ಗಂಜಿ ಮಾಡಿಕೊಳ್ಳಿ ಎಂದರೆ ಕೇಳುವವರಲ್ಲ ನೀವು, ಆದರೂ ಹೇಳುವುದು ನನ್ನ ಧರ್ಮ. ಇಲ್ಲಿ ಅತ್ತೆ, ಮಾವ, ನಾನು ಎಲ್ಲರೂ ಸೌಖ್ಯ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಏಕೆ ಬರೆದಳು ಎಂದು ಗಾಬರಿಯಾಗಬೇಡಿ. ನಮ್ಮ ಮನೆಯ ಫೋನಿನ ಕಥೆ ನಿಮಗೆ ಗೊತ್ತಲ್ಲ. ನಾನು ಹಲೋ ಎನ್ನುವ ಮೊದಲೇ ಅತ್ತೆ ಸ್ಪೀಕರ್ ಒತ್ತುತ್ತಾರೆ. ಮಾವ ಯಾರದೋ ಬಲೆ ಹೆಣೆಯುತ್ತಾ, ಏನೂ ಕೇಳಿಸದವರಂತೆ ಮುಖ ಆಚೆ ಮಾಡಿ ಕಿವಿ ಮಾತ್ರ ಈಚೆ ಇಡುತ್ತಾರೆ. ಈ ಸಂಗತಿ ಆ ಕಿವಿಗೆ ಬೀಳಬಾರದು. ಅದಕ್ಕೇ ನಾಳೆ ಹೊರಡುವ ನಿಮ್ಮ ರೂಮಿನ ಎಡ್ವಿನ್ ಕೈಯಲ್ಲಿ ಒಣ ಸಿಗಡಿಯ ಪೊಟ್ಟಣದ ಜೊತೆ ಇದನ್ನು ಕಳಿಸುತ್ತಿದ್ದೇನೆ.

ವಿಷಯ ನಿಮ್ಮ ಬೈಕಿನದು. ಮಣಿಪಾಲದ ಕನ್ನಡಕದ ಅಂಗಡಿಯ ಕೆಲಸಕ್ಕೆ ನಾನು ಅದರಲ್ಲೇ ಹೋಗುವುದಲ್ವಾ, ಮಳೆ ಬಿಟ್ಟ ಮೇಲೆ ಅದಕ್ಕೆ ಪಿಕಪ್ಪೇ ಇಲ್ಲವಾಯಿತು. ಎಕ್ಸಲೇಟರ್ ತಿರುಗಿಸಿದರೆ ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ಓಡುತ್ತದೆ. ಕೈ ಬಿಟ್ಟರೆ ಇನ್ನೂ ಓಡುತ್ತಲೇ ಇರುತ್ತದೆ. ಥೇಟ್ ಮಾವನ ಹಾಗೆ, ಕರೆದಾಗ ಏಳುವುದಿಲ್ಲ, ಎದ್ದ ಮೇಲೆ ನಿಲ್ಲುವುದಿಲ್ಲ. ಮಣಿಪಾಲದ ಏರಿನಲ್ಲಿ ರಿಕ್ಷಾದವರೆಲ್ಲ ನನ್ನನ್ನು ಹಿಂದೆ ಹಾಕಿ ಹೋದರು. ಒಂದು ದಿನ ತೆಂಗಿನಕಾಯಿ ಹೇರಿಕೊಂಡಿದ್ದ ಮೊಪೆಡ್ಡಿನ ಅಜ್ಜ ಕೂಡ ಹೋಗುತ್ತಾ ಕೈ ಬೀಸಿದರು. ಗ್ಯಾರೇಜಿನ ಲೂಯಿಸ್ ಮೊದಲು ಪ್ಲಗ್ ಎಂದರು, ಬದಲಾಯಿಸಿದರು. ಆಮೇಲೆ ಏರ್ ಫಿಲ್ಟರ್ ಎಂದು ಊದಿ ಹಾಕಿದರು. ಕಾರ್ಬೊರೇಟರ್ ಬಿಚ್ಚಿ ತೊಳೆದರು. ಕೊನೆಗೆ ‘ಎಂತ ಮಾಡುವುದು ಮಾನಸಕ್ಕಾ, ಪೆಟ್ರೋಲಿನಲ್ಲೇ ನೀರು ಉಂಟು ಕಾಣ್ತದೆ’ ಎಂದು ಪೆಟ್ರೋಲಿನ ಮೇಲೆ ಗೂಬೆ ಕೂರಿಸಿದರು. ಅತ್ತೆಗೆ ಮಾತ್ರ ಕಾರಣ ಮೊದಲ ದಿನವೇ ಗೊತ್ತಿತ್ತು. ದೃಷ್ಟಿ! ಹ್ಯಾಂಡಲಿಗೆ ಲಿಂಬೆ ಮೆಣಸು ಕಟ್ಟಿದರು. ಅದಕ್ಕೂ ಬೈಕು ಜಗ್ಗಲಿಲ್ಲ.

ಇದರ ನಡುವೆ ಇನ್ನೊಂದು ಪೀಡೆ, ಬೆಕ್ಕು. ಅಂಗಡಿಯ ಮುಂದೆ ಬೈಕು ನಿಲ್ಲಿಸಿದರೆ ಸಾಕು, ಊರಿನ ಬೆಕ್ಕುಗಳೆಲ್ಲ ಬಂದು ಹ್ಯಾಂಡಲ್ ನೆಕ್ಕುತ್ತವೆ. ಅಂಗಡಿಯ ರೀನಾ ಮೇಡಂ ‘ಮಾನಸಾ, ನಿನ್ನ ಬೈಕಿನಲ್ಲಿ ಮೀನು ಉಂಟಾ?’ ಎಂದು ಗಿರಾಕಿಗಳ ಎದುರೇ ಕೇಳಿದರು. ನನಗೆ ನಾಚಿಕೆಯಾಯಿತು. ಕಡಲ ಬದಿಯ ಮನೆಯಲ್ಲಿ ಮೀನಿನ ವಾಸನೆ ಬಂದರೆ ಯಾರು ತಲೆಕೆಡಿಸಿಕೊಳ್ಳುತ್ತಾರೆ ಹೇಳಿ? ಆದರೆ ಅಲ್ಲಿಂದ ನನಗೆ ಸಂಶಯ ಹುಟ್ಟಿತು. ಕಳೆದ ಭಾನುವಾರ ಊಟವಾದ ಮೇಲೆ ಮಲಗಿದವಳಂತೆ ನಟಿಸಿ ಕಿಟಕಿಯಲ್ಲಿ ನೋಡುತ್ತಿದ್ದೆ. ಮಾವ ಮೆಲ್ಲನೆ ಬಂದರು. ಕೈಯಲ್ಲಿ ದೋಣಿಗೆ ಹಚ್ಚುತ್ತಿದ್ದ ಬೂತಾಯಿ ಮೀನಿನ ಎಣ್ಣೆಯ ಹಳೆಯ ಬಾಟಲಿ ಮತ್ತು ಒಂದು ಕೋಳಿಗರಿ. ಎಕ್ಸಲೇಟರ್ ಕೇಬಲಿನ ಬಾಯಿಯ ರಬ್ಬರ್ ಎತ್ತಿ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟರು. ಆಮೇಲೆ ಗರಿಯಿಂದ ಹ್ಯಾಂಡಲು, ಚಕ್ರದ ಕಡ್ಡಿಗಳು, ಸಂದುಗೊಂದು ಎಲ್ಲ ಸವರಿದರು. ಸವರುತ್ತಾ ಬೈಕಿಗೇ ಹೇಳಿದರು: ‘ಅವ ಬರುವಾಗ ನಿನಗೆ ತುಕ್ಕು ಹಿಡಿದಿರಬಾರದು, ಅಲ್ವಾ?’

ನಗು ಬರಬೇಕಿತ್ತು, ಅಳು ಬಂತು. ನೀವು ಮಾವನನ್ನು ಕೇಳಿಯೇ ಅವರ ದೋಣಿ ಮಾರಿದಿರಿ, ಅವರು ಹೂಂ ಎಂದದ್ದೂ ಹೌದು. ಆದರೆ ದೋಣಿಯನ್ನು ಲಾರಿಗೆ ಹೇರಿದ ದಿನ ಮುಚ್ಚಿದ ಬಾಯಿಯನ್ನು ಅವರು ನಿಮ್ಮೆದುರು ಇನ್ನೂ ತೆರೆದಿಲ್ಲ. ನೀವಾದರೂ ಏನು ಕಡಿಮೆ? ‘ಅಪ್ಪನಿಗೆ ಹೇಳು’ ಎಂದು ನೀವು, ‘ಅವನಿಗೆ ಹೇಳು’ ಎಂದು ಅವರು. ನಡುವೆ ಸಂಬಳವಿಲ್ಲದ ಪೋಸ್ಟ್‌ಮ್ಯಾನ್ ನಾನು. ನನಗೆ ಸಾಕಾಗಿದೆ ಮಾರಾಯರೇ. ನೀವು ಒಬ್ಬರಿಗೊಬ್ಬರು ಮಾತಾಡಬೇಕು, ನನಗೆ ಬೇರೆ ಏನೂ ಬೇಡ.

ಮರುದಿನ ಲೂಯಿಸ್ ಅವರನ್ನು ಮನೆಗೇ ಕರೆಸಿ ಕೇಬಲ್ ಬಿಚ್ಚಿಸಿದೆ. ಒಳಗೆ ಎಣ್ಣೆ ಹಲಸಿನ ಮೇಣದ ಹಾಗೆ ಅಂಟಿ ಕುಳಿತಿತ್ತು. ಹೊಸ ಕೇಬಲ್ ಹಾಕಿದ ಮೇಲೆ ಬೈಕು ಕೈ ತಿರುಗಿಸುವ ಮೊದಲೇ ಓಡುವ ಹಾಗಿದೆ. ಮಾವ ಹಳೆಯ ಕೇಬಲನ್ನು ಮೂಸಿ ನೋಡಿ ಸಣ್ಣ ಮುಖ ಮಾಡಿದರು. ‘ಆಯುಷ್ಯ ಪೂರ್ತಿ ದೋಣಿಗೆ ಇದನ್ನೇ ಹಚ್ಚಿದ್ದು. ಇದಕ್ಕೆ ಆಗುವುದಿಲ್ಲವಾ? ಮತ್ತೆ ಎಂತ ಎಣ್ಣೆ ಹಾಕುವುದು?’ ಎಂದರು. ಲೂಯಿಸ್ ಉತ್ತರ ಹೇಳಲು ಬಾಯಿ ತೆರೆದರು. ನಾನು ಕಣ್ಣಿನಲ್ಲೇ ಗದರಿ ಅವರ ಬಾಯಿ ಮುಚ್ಚಿಸಿ, ‘ನನಗೆ ಗೊತ್ತಿಲ್ಲ ಮಾವ, ಗಾಡಿಯ ಯಜಮಾನರನ್ನೇ ಕೇಳಿ’ ಎಂದೆ. ಅಂದಿನಿಂದ ಮಾವ ಊಟಕ್ಕೆ ಕುಳಿತರೂ ಎಲ್ಲೋ ಇರುತ್ತಾರೆ. ಅತ್ತೆ ಈಗ ಲಿಂಬೆ ಮೆಣಸನ್ನು ಅವರಿಗೇ ಕಟ್ಟುವ ಯೋಚನೆಯಲ್ಲಿದ್ದಾರೆ.

ಒಣ ಸಿಗಡಿಯನ್ನು ಎಡ್ವಿನ್‌ಗೂ ಕೊಡಿ, ಒಬ್ಬರೇ ಮುಗಿಸಬೇಡಿ. ಅತ್ತೆಯ ಆಶೀರ್ವಾದಗಳು. ಮಾವನದ್ದೂ ಉಂಟು, ಬಾಯಿಬಿಟ್ಟು ಹೇಳಿಲ್ಲ ಅಷ್ಟೆ.

ನಿಮ್ಮ ದಾರಿ ಕಾಯುವ,
ಮಾನಸ

ವಿ.ಸೂ.: ಎಡ್ವಿನ್ ಗೇಟಿನ ಹತ್ತಿರ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ನಿಮಗೆ ರಜೆಯಲ್ವಾ, ಅಂದು ಸಂಜೆ ಮಾವನೇ ನಿಮಗೆ ಫೋನ್ ಮಾಡುತ್ತಾರಂತೆ. ಎಣ್ಣೆಯ ವಿಷಯ ಕೇಳಲಿಕ್ಕೆ ಮಾತ್ರವಂತೆ! ಈಗ ಹಿತ್ತಿಲಿನಲ್ಲಿ ತೆಂಗಿನಮರದ ಎದುರು ನಿಂತು ‘ಹಲೋ, ರೂಪೇಶಾ, ನಾನು ಅಪ್ಪ ಮಾತಾಡುವುದು’ ಎಂದು ಅಭ್ಯಾಸ ಮಾಡುತ್ತಿದ್ದಾರೆ. ‘ನಾನು’ ಎಂಬಲ್ಲಿಗೆ ಬಂದಾಗ ಪ್ರತಿ ಸಲ ನಿಂತುಬಿಡುತ್ತಾರೆ. ಫೋನಿನಲ್ಲೂ ಅಲ್ಲೇ ನಿಂತರೆ, ಲೈನ್ ಹೋಯಿತು ಎಂದುಕೊಂಡು ದಯವಿಟ್ಟು ಇಟ್ಟುಬಿಡಬೇಡಿ.