ಗ್ಯಾಲರಿಯ ಮಾತು

ಮೇಲ್ಮನೆ, ವರದಿಗಾರರ ಕೊಠಡಿ
ಮಂಗಳವಾರ, ಮಾರ್ಚ್ ೧೪, ಮಧ್ಯಾಹ್ನದ ಬಿಡುವು

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಸೈಕಲ್ ತುಳಿಯಬೇಡಿ ಎಂದ ಡಾಕ್ಟರಿಗೆ ನೀನೇ ಅರ್ಧ ಗಂಟೆ ಸಲಹೆ ಕೊಟ್ಟು ಬಂದೆಯಂತೆ, ಭಾವ ಹೇಳಿದರು. ಭಾವನ ಕೆಮ್ಮು ಕಡಿಮೆಯಾಯಿತೇ? ಮನೆಯಲ್ಲೇ ದಾದಿಯನ್ನಿಟ್ಟುಕೊಂಡು ಕೆಮ್ಮುವುದಕ್ಕೆ ಅವರಿಗೆ ನಾಚಿಕೆಯಾಗಬೇಕು ಎಂದು ನನ್ನ ಹೆಸರಿನಲ್ಲಿ ಹೇಳು. ನಾನು ಚೆನ್ನಾಗಿದ್ದೇನೆ. ಇಷ್ಟನ್ನು ಫೋನಿನಲ್ಲೇ ಕೇಳಬಹುದಿತ್ತು, ನಿಜ. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಊಟ ಆಯ್ತಾ? ಸರಿ, ಇಡ್ತೀನಿ" ಅಂದುಬಿಡುತ್ತೀಯ. ಕಾಗದವನ್ನಾದರೆ ಮಧ್ಯದಲ್ಲಿ ಇಡಲಾರೆ. ಅಕ್ಷರ ನೋಡಿ ನಗಬೇಡ. ಇಂಗ್ಲಿಷ್ ಶಾಲೆಗೆ ಕಳಿಸಿದವಳು ನೀನೇ, ಆಮೇಲೆ ಶೀಘ್ರಲಿಪಿ ಕಲಿತು ಎಲ್ಲ ಭಾಷೆಯ ಅಕ್ಷರವೂ ಕೆಟ್ಟುಹೋಯಿತು.

ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಾಂತ್ಯ ಮಂಡಳಿಯ ಹನ್ನೊಂದು ಮಂದಿ ಸದಸ್ಯರು ಮನೆಗೇ ಬಂದು, ಈ ಸಲ ಮೇಲ್ಮನೆಗೆ ನೀವು ನಿಲ್ಲಬೇಕು ಎಂದು ಕೇಳಿದರಂತೆ. ನೀನು ಅವರಿಗೆ ಕಾಫಿ ಕೊಟ್ಟು, ಒಬ್ಬರ ರಕ್ತದೊತ್ತಡವನ್ನೂ ನೋಡಿ, ಆಗುವುದಿಲ್ಲ ಎಂದು ಕಳಿಸಿದೆಯಂತೆ. "ಜನ ಓಟು ಹಾಕದ ಮನೆಗೆ ನಾನ್ಯಾಕೆ ಹೋಗ್ಲಿ? ಹಿತ್ತಲ ಬಾಗಿಲಿಂದ ನಾನು ಯಾರ ಮನೆಗೂ ಹೋದವಳಲ್ಲ" ಎಂದೆಯಂತೆ. ನಾಮಪತ್ರಕ್ಕೆ ಶುಕ್ರವಾರವೇ ಕೊನೆಯ ದಿನ. ಈ ಕಾಗದ ನಿನಗೆ ಗುರುವಾರ ಸಿಗಬೇಕು.

ನಿನ್ನ ಮಾತು ಮೂರು ದಿನದಿಂದ ನನ್ನ ತಲೆಯಲ್ಲಿ ಕೂತಿದೆ. ಹತ್ತೊಂಬತ್ತು ವರ್ಷ ಸಭಾಪತಿಯ ಪೀಠದ ಕೆಳಗಿನ ಮೇಜಿನಲ್ಲಿ ಕೂತು ಇವರೆಲ್ಲ ಆಡಿದ್ದನ್ನು ಬರೆದುಕೊಂಡವಳು ನಾನು. ಈ ಮನೆ ಯಾಕಿರಬೇಕು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಸರದಿ ಬಂದಾಗ ಹೋಗುವುದು, ಹತ್ತು ನಿಮಿಷ ಬರೆಯುವುದು, ಪಕ್ಕದ ಕುರ್ಚಿಗೆ ಮುಂದಿನವರು ಸದ್ದಿಲ್ಲದೆ ಬಂದು ಕೂತು ಬರೆಯತೊಡಗಿದಾಗ ಎದ್ದು ಬರುವುದು, ಅಷ್ಟೆ. ನೀನು ಕೇಳಿದ ಮೇಲೆ ಯೋಚಿಸಬೇಕಾಯಿತು.

ಕೆಳಮನೆಗೆ ಜನ ನೇರವಾಗಿ ಆರಿಸುತ್ತಾರೆ. ಒಂದು ಕ್ಷೇತ್ರ, ಒಬ್ಬ ಸದಸ್ಯ, ಯಾರಿಗೆ ಹೆಚ್ಚು ಮತವೋ ಅವರು. ಸರ್ಕಾರ ಅಲ್ಲೇ ನಿಲ್ಲುತ್ತದೆ, ಅಲ್ಲೇ ಬೀಳುತ್ತದೆ. ಐದು ವರ್ಷಕ್ಕೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಇಡೀ ಮನೆ ವಿಸರ್ಜನೆಯಾಗಿ ಎಲ್ಲರೂ ಮತ್ತೆ ಬೀದಿಗಿಳಿಯಬೇಕು. ನಮ್ಮ ಮನೆ ವಿಸರ್ಜನೆಯಾಗುವುದೇ ಇಲ್ಲ. ಎರಡು ವರ್ಷಕ್ಕೊಮ್ಮೆ ಮೂರರಲ್ಲೊಂದು ಭಾಗದವರು ನಿವೃತ್ತರಾಗುತ್ತಾರೆ, ಹೊಸಬರು ಬರುತ್ತಾರೆ. ಆಸ್ಪತ್ರೆಯಲ್ಲಿ ಎಲ್ಲ ದಾದಿಯರೂ ಒಟ್ಟಿಗೆ ಡ್ಯೂಟಿ ಬದಲಿಸುವುದಿಲ್ಲವಲ್ಲ, ಹಾಗೆ. ರೋಗಿಯ ಪಕ್ಕ ಹಿಂದಿನದನ್ನು ಬಲ್ಲವರು ಯಾರಾದರೂ ಇರಬೇಕು ಎಂದು ನೀನೇ ಜಗಳವಾಡಿ ಆ ಪದ್ಧತಿ ತಂದವಳು.

ಇನ್ನು ಹಿತ್ತಲ ಬಾಗಿಲಿನ ವಿಚಾರ. ನಿನಗೆ ಮತ ಹಾಕುವ ಅರವತ್ತು ಮಂದಿ ಮಂಡಳಿ ಸದಸ್ಯರನ್ನು ಜನವೇ ಆರಿಸಿದ್ದು. ಇದು ನೇರ ಬಾಗಿಲಲ್ಲ, ಒಪ್ಪುತ್ತೇನೆ. ಪಡಸಾಲೆ ದಾಟಿ ಬರುವ ಬಾಗಿಲು ಅನ್ನು. ಮತಚೀಟಿಯಲ್ಲಿ ಗುರುತು ಒತ್ತುವುದಿಲ್ಲ. ಅಭ್ಯರ್ಥಿಗಳ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಬರೆಯುತ್ತಾರೆ. ಡ್ಯೂಟಿ ಪಟ್ಟಿ ಮಾಡುವಾಗ ನೀನು ನಿನ್ನ ಹುಡುಗಿಯರನ್ನು "ಮೊದಲು ಯಾವ ವಾರ ಬೇಕು, ಅದಾಗದಿದ್ರೆ ಯಾವುದು?" ಎಂದು ಕೇಳುತ್ತೀಯಲ್ಲ, ಅದೇ ಲೆಕ್ಕ. ಮೂರು ಸ್ಥಾನಕ್ಕೆ ಅರವತ್ತು ಮತ, ಹದಿನಾರು ಬಂದರೆ ಗೆಲುವು. ಕಡಿಮೆ ಬಂದವರನ್ನು ಕೈಬಿಟ್ಟಾಗ ಅವರ ಚೀಟಿಗಳು ಅವುಗಳಲ್ಲಿ ಎರಡು ಎಂದು ಗುರುತಿಸಿದವರಿಗೆ ಹೋಗುತ್ತವೆ. ನಿನಗೆ ಹನ್ನೊಂದು ಮತ ಗಟ್ಟಿ. ಉಳಿದ ಐದು ಆ ದಾರಿಯಲ್ಲಿ ಬಂದೇ ಬರುತ್ತವೆ. ಯಾವ ಪಕ್ಷದವರೇ ಆಗಲಿ, ತಮ್ಮವರ ಹೆಸರಿನ ಮುಂದೆ ಒಂದು ಎಂದು ಬರೆದ ಮೇಲೆ, ಎರಡು ಎಂದು ಬರೆಯಲು ತಮ್ಮ ತಾಯಿಗೆ ಹೊತ್ತಲ್ಲದ ಹೊತ್ತಿನಲ್ಲಿ ಸೂಜಿ ಚುಚ್ಚಲು ಬಂದವಳ ಹೆಸರು ಹುಡುಕದೆ ಇರುತ್ತಾರೆಯೇ?

ಈ ಮನೆಯಿಂದ ಏನುಪಯೋಗ ಎಂದು ನೀನು ಕೇಳುವಂತಿಲ್ಲ ಅಕ್ಕಾ. ಉಪಯೋಗ ನಿನ್ನಿಂದಲೇ ಆಗಿದೆ. ಆರು ವರ್ಷದ ಹಿಂದೆ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನಿಮ್ಮಂಥ ದಾದಿಯರ ಮಸೂದೆ ಕೆಳಮನೆಯಲ್ಲಿ ಇಪ್ಪತ್ತೇ ನಿಮಿಷದಲ್ಲಿ ಪಾಸಾಗಿ ನಮ್ಮಲ್ಲಿಗೆ ಬಂದಿತ್ತು. ನೀನು ನೋಡಬೇಕೆಂದು ಹಟ ಹಿಡಿದು ಬಂದೆ. ನಾನು ಪಾಸ್ ಮಾಡಿಸಿಕೊಟ್ಟೆ. ಗ್ಯಾಲರಿಯಲ್ಲಿ ಕೆಮ್ಮುವುದಕ್ಕೂ ಯೋಚಿಸಬೇಕು, ಮಾತಂತೂ ಆಡಲೇಬಾರದು ಎಂದು ಮೂರು ಸಲ ಹೇಳಿದ್ದೆ. "ನನಗೇನು ಬುದ್ಧಿ ಇಲ್ವಾ?" ಎಂದೆ. ನನ್ನ ಸರದಿಯ ನಾಲ್ಕನೆಯ ನಿಮಿಷ. ಮೂರನೇ ಸಾಲಿನ ಸದಸ್ಯರೊಬ್ಬರು ಎದ್ದು, ಈ ದಾದಿಯರು ದಿನಕ್ಕೆ ನಾಲ್ಕೋ ಐದೋ ಮನೆ ನೋಡುತ್ತಾರೆ, ಅವರಿಗೆ ಕಾನೂನಿನ ರಕ್ಷಣೆ ಯಾಕೆ ಎಂದರು. ಮೇಲಿನಿಂದ ನಿನ್ನ ದನಿ ಬಂತು. "ಹದಿನೇಳು ಮನೆ, ಸ್ವಾಮಿ! ಒಂದು ದಿನ ನನ್ನ ಹಿಂದೆ ಸೈಕಲ್ ತುಳ್ಕೊಂಡು ಬನ್ನಿ, ಗೊತ್ತಾಗುತ್ತೆ!"

ಇಡೀ ಮನೆ ಮೇಲೆ ನೋಡಿತು. ನಾನು ನೋಡಲಿಲ್ಲ. ನನ್ನ ಕೈ ಮಾತ್ರ ಅಭ್ಯಾಸಬಲದಿಂದ ನಿನ್ನ ಮಾತನ್ನು ಪೂರ್ತಿ ಬರೆದುಬಿಟ್ಟಿತು, ಸೈಕಲ್ ಸಮೇತ. ಗ್ಯಾಲರಿಯ ಮಾತು ಕಡತಕ್ಕೆ ಹೋಗುವಂತಿಲ್ಲ. ಹೊಸದಾಗಿ ಸೇರಿದವರೂ ಮಾಡದ ತಪ್ಪು ಅದು. ಮಾರ್ಷಲ್‌ಗಳು ನಿನ್ನನ್ನು ಹೊರಗೆ ಕರೆದೊಯ್ಯುತ್ತಿದ್ದಾಗ ನಾನು ತಲೆ ತಗ್ಗಿಸಿ ಆ ಸಾಲನ್ನು ಹೊಡೆದುಹಾಕುತ್ತಿದ್ದೆ. ಸರದಿ ಮುಗಿದು ಬಂದಾಗ, ಮೇಜಿನ ತುದಿಯಲ್ಲಿ ಕೂತು ಎಲ್ಲ ನೋಡಿದ್ದ ನಮ್ಮ ಹಿರಿಯ ವರದಿಗಾರರು, ನಾವೆಲ್ಲ ಪೆನ್ಸಿಲ್ ತಾತ ಅನ್ನುವವರು, "ಯಾರಮ್ಮ ಆ ಗಟ್ಟಿಗಿತ್ತಿ, ಗೊತ್ತಾ?" ಎಂದು ಕೇಳಿದರು. "ಗೊತ್ತಿಲ್ಲ ಸಾರ್" ಎಂದೆ. ಇದನ್ನು ನಿನಗೆ ಇವತ್ತಿನವರೆಗೂ ಹೇಳಿರಲಿಲ್ಲ. ಕೆಲಸ ಹೋದೀತು ಎಂಬ ಭಯವೋ, ಇಸ್ತ್ರಿ ಬಟ್ಟೆಯ ಇವರ ನಡುವೆ ನಿನ್ನ ದನಿ ಜೋರಾಯಿತು ಎಂಬ ನಾಚಿಕೆಯೋ ಎಂದು ಆರು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಭಯ ಎಂದರೆ ನನಗೆ ಸಮಾಧಾನ. ಆದರೆ ನಾಚಿಕೆಯೂ ಇತ್ತು, ಅಕ್ಕಾ.

ನೀನು ಆಚೆ ಹೋದ ಮೇಲೆ ನಡೆದದ್ದನ್ನು ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಎದುರು ಸಾಲಿನ ಮುದುಕಿಯೊಬ್ಬರು, ಹಿಂದೆ ಗಣಿತದ ಮೇಡಂ ಆಗಿದ್ದವರು, ಕೋಲೂರಿ ಎದ್ದರು. "ನಾಲ್ಕಕ್ಕೂ ಹದಿನೇಳಕ್ಕೂ ಬಹಳ ದೂರ. ಮಂತ್ರಿಗಳೇ, ನಿಮ್ಮ ಹತ್ರ ಯಾವ ಅಂಕಿ ಇದೆ?" ಎಂದರು. ಮಂತ್ರಿಗಳ ಹತ್ತಿರ ಯಾವ ಅಂಕಿಯೂ ಇರಲಿಲ್ಲ. ಮಸೂದೆ ಸಮಿತಿಗೆ ಹೋಯಿತು, ಎರಡು ತಿಂಗಳಿಗೆ ವಾಪಸು ಬಂತು. ದಿನಕ್ಕೆ ಹತ್ತು ಮನೆಗಿಂತ ಹೆಚ್ಚು ಕೊಡಬಾರದು ಎಂಬ ತಿದ್ದುಪಡಿಯೊಂದಿಗೆ ನಮ್ಮ ಮನೆ ಅದನ್ನು ಕೆಳಮನೆಗೆ ತಿರುಗಿ ಕಳಿಸಿತು. ಅವರು ಗೊಣಗಿದರು, ಆದರೆ ಒಪ್ಪಿದರು. ನೀನು ಆಡಿದ ಮಾತು ಕಡತದಲ್ಲಿಲ್ಲ, ಹದಿನೇಳು ಮಾತ್ರ ಇದೆ, ಮೇಡಂ ಬಾಯಿಂದ. ಅವರ ಆ ಸಾಲನ್ನೂ ನಾನೇ ಬರೆದುಕೊಂಡೆ. ಹದಿನೇಳು ಎಂಬುದರ ಮೇಲೆ ಮಾತ್ರ ಪೆನ್ಸಿಲನ್ನು ಎರಡು ಸಲ ಒತ್ತಿ ಎಳೆದೆ. ಹೆಮ್ಮೆಯಿಂದ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಅಂದು ಸಂಜೆ ನಮ್ಮ ಮನೆಯಲ್ಲಿ ನೀನು ಚಪ್ಪಲಿ ಬಿಟ್ಟು ಕೂತು ಆಡಿದ ಮಾತು ಒಂದೇ. "ಮೇಲಿಂದ ನೋಡ್ತಿದ್ದೆ ಕಣೇ. ಎಷ್ಟು ಬೇಗ ಓಡುತ್ತೆ ನಿನ್ನ ಕೈ!"

ಈಗ ಭಾವನ ವಿಚಾರ. ಅವರ ಮೇಲೆ ಸಿಟ್ಟಾಗಬೇಡ, ನಾನೇ ಬಾಯಿ ಬಿಡಿಸಿದೆ. "ಹಿತ್ತಲೂ ಇಲ್ಲ, ಮುಂಬಾಗಿಲೂ ಇಲ್ಲ. ಅವಳು ಆ ನಿಯಮದ ಪುಸ್ತಕ ತರಿಸಿ ಓದಿದ್ದಾಳೆ" ಎಂದರು. ಯಾವ ನಿಯಮ ಎಂದು ನನಗೆ ತಕ್ಷಣ ಗೊತ್ತಾಯಿತು. ಸದಸ್ಯರ ಒಡಹುಟ್ಟಿದವರು ಅದೇ ಮನೆಯ ಮೇಜಿನಲ್ಲಿ ವರದಿಗಾರರಾಗಿರುವಂತಿಲ್ಲ. ನೀನು ಒಳಗೆ ಬಂದರೆ ನಾನು ಏಳಬೇಕು. ಅದಕ್ಕೇ ನಿನಗೆ ಇದ್ದಕ್ಕಿದ್ದಂತೆ ಹಿತ್ತಲ ಬಾಗಿಲು ಕಂಡದ್ದು. ಅಮ್ಮ ಹೋದಾಗ ನನಗೆ ಎಂಟು, ನಿನಗೆ ಹದಿನೈದು. ಅಂದಿನಿಂದ ನನಗೆ ಬಡಿಸಿ ತಳ ಕೆರೆದುಕೊಂಡು ಉಣ್ಣುವ ಅಭ್ಯಾಸ ನಿನಗೆ. ನನಗೀಗ ನಲವತ್ತನಾಲ್ಕು. ಪಾತ್ರೆ ಈ ಕಡೆ ಕೊಡು.

ನಿನ್ನೆ ಬೆಳಗ್ಗೆಯೇ ವರ್ಗಾವಣೆಗೆ ಅರ್ಜಿ ಕೊಟ್ಟೆ. ಸಂಜೆಗೆ ಮಂಜೂರಾಯಿತು. ಮುಂದಿನ ತಿಂಗಳಿಂದ ಕೆಳಮನೆಯ ವರದಿಗಾರರ ಕೊಠಡಿ, ಇದೇ ಓಣಿಯಲ್ಲಿ ಕೆಂಪು ಜಮಖಾನೆ ಮುಗಿದು ಹಸಿರು ಶುರುವಾಗುವ ಕಡೆ. ಅಲ್ಲಿ ಐವರು ಒಟ್ಟಿಗೆ ಕೂಗುತ್ತಾರೆ, ಬರೆದು ಬೆರಳು ಮುರಿಯುತ್ತದೆ ಎನ್ನುತ್ತಾರೆ. ನಿನ್ನ ಜೊತೆ ಬೆಳೆದವಳಿಗೆ ಅದೆಲ್ಲ ಏನು ಲೆಕ್ಕ? ಪೆನ್ಸಿಲ್ ತಾತನಿಗೆ ಕಾರಣ ಹೇಳಬೇಕಾಯಿತು. ಈ ಸಲ ನಿಜವನ್ನೇ ಹೇಳಿದೆ. "ಆರು ವರ್ಷದ ಹಿಂದೆ ಗ್ಯಾಲರಿಯಿಂದ ಕೂಗಿದ್ದು ನಮ್ಮಕ್ಕ, ಸಾರ್." ಅವರು ಕನ್ನಡಕ ಒರೆಸಿಕೊಂಡರು. "ಗೊತ್ತು ಕಣಮ್ಮ. ಆ ಸಾಲನ್ನ ಅಳಿಸೋಕೆ ನೀನು ಅಷ್ಟು ಹೊತ್ತು ತಗೊಂಡಾಗ್ಲೇ ಗೊತ್ತಾಯ್ತು" ಎಂದರು.

ಅರ್ಜಿಯನ್ನು ಹಿಂತೆಗೆಯುವುದಿಲ್ಲ. ನೀನು ನಿಂತರೂ ನಾನು ಹೋಗುತ್ತೇನೆ, ನಿಲ್ಲದಿದ್ದರೂ ಹೋಗುತ್ತೇನೆ. ಶುಕ್ರವಾರ ಮೂರು ಗಂಟೆಯೊಳಗೆ ನಾಮಪತ್ರ ಕೊಡು. ಭಾವನನ್ನು ಜೊತೆಗೆ ಕರೆದುಕೊಂಡು ಹೋಗು, ಸೈಕಲ್ ಮನೆಯಲ್ಲಿರಲಿ.

ಭಾವನಿಗೆ ನಮಸ್ಕಾರ. ನಿನ್ನ ಮಂಡಿಗೂ.

ನಿನ್ನ
ಗುಬ್ಬಿ

ಮರೆತದ್ದು: ಅಂಚೆಯವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಹೇಳುತ್ತೇನೆ. ಗ್ಯಾಲರಿ ಪಾಸಿನಲ್ಲಿ ಸಂಬಂಧ ಎಂಬ ಒಂದು ಕಾಲಂ ಇರುತ್ತದೆ. ಅಂದು ನಿನ್ನ ಪಾಸಿನಲ್ಲಿ ನಾನು ಪರಿಚಯಸ್ಥರು ಎಂದು ಬರೆಸಿದ್ದೆ. ಗೇಟಿನಲ್ಲಿ ವಾಪಸು ಕೊಡುವಾಗ ನೀನು ಓದಿದೆಯೋ ಇಲ್ಲವೋ, ಕೇಳಲು ಧೈರ್ಯವಾಗಲಿಲ್ಲ. ಓದದೆ ಏನನ್ನೂ ಕೊಡುವವಳಲ್ಲ ನೀನು. ಹೊಸ ಸದಸ್ಯರು ಮೊದಲ ಭಾಷಣದ ದಿನ ಮನೆಯವರಿಗೆ ಒಂದು ಪಾಸ್ ಕೊಡಬಹುದು. ಅದು ನನಗೆ ಬೇಕು. ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಆ ಕಾಲಂ ಮಾತ್ರ ನಿನ್ನ ಕೈಯಾರೆ ತುಂಬು.