ಐವತ್ತೆಂಟು ಬೆರಳು ಎಣ್ಣೆ

ಏಳನೆಯ ಗೂಡು, ಹುಬ್ಬಳ್ಳಿ
ಕೆಂಗಾಳಿ ಶಕ ೯೭, ಹದಿನಾಲ್ಕನೆಯ ತಿಂಗಳು, ಮೂವತ್ತಮೂರನೆಯ ತಾರೀಖು

ಕಟ್ಟಡಗಳಿಗೆ ತಂತಿ ಜೋಡಿಸುವ ಹಿಂದಿನವರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಕೆಂಪು ಧೂಳಿನ ಗಾಳಿ ಎದ್ದು, ಮತ್ತೆ ನಿಂತರೆ ನಮಗೆ ಒಂದು ತಿಂಗಳು ಮುಗಿದಂತೆ; ನಿಲ್ಲದಿದ್ದರೆ ತಿಂಗಳು ಎಳೆಯುತ್ತಲೇ ಹೋಗುತ್ತದೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಎನಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕೈಪಿಡಿಗಳಲ್ಲಿ ಓದಿ ಕಲಿತವಳು, ಅವೂ ಹೆಚ್ಚಾಗಿ ಪಂಪು, ಮೋಟಾರು ರಿಪೇರಿಯ ಕೈಪಿಡಿಗಳು. ಹಾಗಾಗಿ ನನ್ನ ಬರವಣಿಗೆಯಲ್ಲಿ ನಯ ಕಡಿಮೆ.

ಇದನ್ನು ನಾನು ಇಷ್ಟಪಟ್ಟು ಬರೆಯುತ್ತಿಲ್ಲ. ಜೀವ ಹೋಗಲು ಕಾರಣರಾದವರನ್ನು ನಮ್ಮ ಊರಿನಲ್ಲಿ ಸೆರೆಗೆ ಹಾಕುವುದಿಲ್ಲ, ಕೂರಿಸಿ ಒಂದು ಹಿಂಗಾಗದ ಬರೆಸುತ್ತಾರೆ. ಹಿಂಗಾಗದ ಎಂದರೆ ಹಿಂದಿನ ಕಾಲಕ್ಕೆ ಕಳಿಸುವ ಕಾಗದ. ಅದು ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಉತ್ತರವಂತೂ ಯಾರಿಗೂ ಬಂದಿಲ್ಲ. ನನ್ನ ಹೆಸರು ಗಿರಿಜವ್ವ. ಏಳನೆಯ ಗೂಡಿನ ತಂತಿಗಾರ್ತಿ. ಅರವತ್ತಮೂರು ಜನ ಸತ್ತಿದ್ದಾರೆ. ಅವರಲ್ಲಿ ಒಬ್ಬ ನನ್ನ ಒಡಹುಟ್ಟಿದ ಅಣ್ಣ, ಅಡಿವೆಪ್ಪ. ಉಳಿದ ಅರವತ್ತೆರಡು ಜನರಿಗಾಗಿ ಅಳಬೇಕೆಂದು ನನಗೆ ಗೊತ್ತಿದೆ, ಆದರೆ ಅವನ ಸರದಿಯೇ ಇನ್ನೂ ಮುಗಿದಿಲ್ಲ.

ಗೂಡು ಎಂದರೆ ನಲವತ್ತು ಅಂತಸ್ತಿನ ಕಟ್ಟಡ. ಅದರಲ್ಲಿ ಆರುನೂರ ನಲವತ್ತು ಜನ. ಗಾಳಿ ಏಳುವ ದಿನಗಳಲ್ಲಿ ಕಿಟಕಿ, ಬಾಗಿಲು, ಬಚ್ಚಲ ಕಿಂಡಿ ಎಲ್ಲಕ್ಕೂ ರಬ್ಬರು ಒತ್ತಿ ಮುಚ್ಚುತ್ತೇವೆ. ಬಿಸಿಲುಹಲಗೆಗಳ ಮೇಲೆ ಗೇಣುದ್ದ ಧೂಳು ಕೂತು ಕರೆಂಟು ನಿಲ್ಲುತ್ತದೆ. ಆಗ ನೆಲಮಾಳಿಗೆಯ ಎಂಜಿನ್ ಎದ್ದು, ಗಾಳಿಯನ್ನು ಸೋಸಿ ಮೇಲಿನವರೆಗೆ ನೂಕುತ್ತದೆ. ಅದು ಕುಡಿಯುವುದು ಪಾಚಿಯೆಣ್ಣೆ, ನಿಮ್ಮ ಡೀಸೆಲ್ಲಿನ ಮೊಮ್ಮಗಳು ಎನ್ನಿ, ಆದರೆ ಬೆಂಕಿಗೆ ಬೇಗ ಒಲಿಯುವ ಮೊಮ್ಮಗಳು. ಎಂಜಿನ್ ನಿಂತರೆ ಅರ್ಧ ದಿನದಲ್ಲಿ ತಲೆ ಭಾರವಾಗುತ್ತದೆ, ಮಾರನೆಯ ದಿನ ಮಕ್ಕಳು ಮಲಗಿದಲ್ಲೇ ಉಳಿಯುತ್ತವೆ. ಎಣ್ಣೆ ಇಪ್ಪತ್ತು ಬೆರಳಿಗಿಂತ ಕೆಳಗಿಳಿಯುವ ಮೊದಲೇ ಪಕ್ಕದ ಎಂಟನೆಯ ಗೂಡಿಗೆ ಕೇಳಿಕೊಂಡರೆ ಅವರು ಸುರಂಗದ ಕೊಳವೆಯಿಂದ ಎಣ್ಣೆ ಹರಿಸುತ್ತಾರೆ. ಕೊಳವೆ ತುಂಬಿಕೊಳ್ಳಲಿಕ್ಕೇ ಎರಡು ದಿನ ಬೇಕು, ಆದ್ದರಿಂದ ತಡಮಾಡಿ ಕೇಳಿದರೆ ಪ್ರಯೋಜನವಿಲ್ಲ.

ಎಣ್ಣೆ ಎಷ್ಟಿದೆ ಎಂದು ನೋಡುವವನು ಕೋಲುಗಾರ. ನಮ್ಮ ಮನೆತನದ ಕೆಲಸವೇ ಅದು. ನೂರು ಬೆರಳು ಉದ್ದದ ಹಿತ್ತಾಳೆಯ ಕೋಲನ್ನು ಟ್ಯಾಂಕಿಗೆ ಇಳಿಸಿ ಎತ್ತಿದರೆ ಎಲ್ಲಿಯವರೆಗೆ ಒದ್ದೆಯೋ ಅಷ್ಟು ಎಣ್ಣೆ. ಕೋಲಿನ ತುದಿಗೆ ಒಂದು ಹಳದಿ ಲೇಪ ಹಚ್ಚುತ್ತಾರೆ. ತಳದಲ್ಲಿ ನೀರು ಸೇರಿದ್ದರೆ ಅದು ಕೆಂಪಾಗುತ್ತದೆ. ಇದಕ್ಕೊಂದು ಪದ್ಧತಿ ಇತ್ತು. ಕೋಲು ಇಳಿಸುವವನೊಬ್ಬ, ಓದುವವನು ಇನ್ನೊಬ್ಬ. ಅದಕ್ಕೆ ಜೋಡಿಗಣ್ಣು ಎನ್ನುತ್ತಿದ್ದೆವು. ಇಬ್ಬರೂ ಮೆಟ್ಟಿಲ ಬುಡದಲ್ಲಿ ನಿಂತು ಅಂಕಿ ಕೂಗಬೇಕು. ಒಂದನೆಯ ಅಂತಸ್ತಿನವರು ಕೇಳಿಸಿಕೊಂಡು ಎರಡಕ್ಕೆ ಕೂಗಬೇಕು, ಎರಡು ಮೂರಕ್ಕೆ. ಆ ಕೂಗು ನಲವತ್ತನೆಯ ಅಂತಸ್ತು ಮುಟ್ಟಿದ ಮೇಲೆಯೇ ಒಲೆ ಹಚ್ಚುವುದು. ಒಬ್ಬನೇ ನೋಡಿದ ಅಂಕಿಯನ್ನು ಕೂಗುವ ಹಾಗಿರಲಿಲ್ಲ.

ಈ ಕೂಗಾಟ ನನಗೆ ಚಿಕ್ಕಂದಿನಿಂದ ನಾಚಿಕೆ ತರಿಸುತ್ತಿತ್ತು. ಆರನೆಯ ಗೂಡಿನಲ್ಲಿ, ಎಂಟನೆಯದರಲ್ಲಿ ಟ್ಯಾಂಕಿನೊಳಗೆ ಅಳೆಯುವ ಸಲಾಕೆ ಇಟ್ಟು, ಅದರ ತಂತಿಯನ್ನು ಮನೆಮೆದುಳಿಗೆ ಕೂಡಿಸಿದ್ದರು. ಮನೆಮೆದುಳು ಎಂದರೆ ಕಟ್ಟಡದ ದೀಪ, ಬಾಗಿಲು, ಫ್ಯಾನು, ಎಂಜಿನ್ ಎಲ್ಲವನ್ನೂ ನಡೆಸುವ ಯಂತ್ರಜಾಲ. ನಿಮ್ಮ ಕಾಲದ ಆಸ್ಪತ್ರೆ, ಕಚೇರಿಗಳಲ್ಲೇ ಅದು ಹುಟ್ಟಿದ್ದು. ನಾನೂ ಕೂಡಿಸಿದೆ. ಸಲಾಕೆಯ ಭಾಷೆ ಬೇರೆ, ಮೆದುಳಿನ ಭಾಷೆ ಬೇರೆ. ನಡುವೆ ಒಂದು ದುಭಾಷಿ ಪೆಟ್ಟಿಗೆ ಬೇಕು. ಅದನ್ನು ನಿಮ್ಮ ಕಾಲದ ನಕ್ಷೆ ನೋಡಿಯೇ ಇವತ್ತಿಗೂ ಮಾಡುತ್ತಾರೆ. ಪಡಸಾಲೆಯಲ್ಲಿ ದೊಡ್ಡ ಬೋರ್ಡು ಹಚ್ಚಿದೆ. ಎಣ್ಣೆ ಎಷ್ಟು ಬೆರಳು ಎಂದು ಹಸಿರು ಅಂಕಿಯಲ್ಲಿ ಬರುತ್ತಿತ್ತು. ಜನ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಜೋಡಿಗಣ್ಣು ನಿಂತಿತು. ಕೋಲುಗಾರನಾಗಿದ್ದ ಅಡಿವೆಪ್ಪ ಮಾತ್ರ ದಿನವೂ ಒಬ್ಬನೇ ಹೋಗಿ ಕೋಲು ಇಳಿಸಿ, ಒರೆಸಿ, ಸುಮ್ಮನೆ ಬರುತ್ತಿದ್ದ. ಎಂಜಿನ್ನಿಗೆ ಎಣ್ಣೆ ಬಿಡುವ ತೂಬಿನ ಕೀಲಿಯೂ ಅವನ ಸೊಂಟದಲ್ಲೇ ಉಳಿಯಿತು.

ನನ್ನ ಪಾಪ ಹುಟ್ಟಿದ್ದು ಒಂದು ಸಣ್ಣ ಪ್ರಶ್ನೆಯಿಂದ. ಪೆಟ್ಟಿಗೆಯನ್ನು ಹೊಂದಿಸುವಾಗ ಅದು ಕೇಳುತ್ತದೆ: ಸಲಾಕೆಯ ತಂತಿ ಕಡಿದರೆ ಏನು ಮಾಡಲಿ? ಉತ್ತರ ಎರಡೇ. ಒಂದು, ಕಾಣುತ್ತಿಲ್ಲ ಎಂದು ಕಿರುಚು. ಇನ್ನೊಂದು, ಕೊನೆಯ ಅಂಕಿಯನ್ನೇ ಹಿಡಿದುಕೊಂಡಿರು. ಮೊದಲು ನಾನು ಕಿರುಚು ಎಂದೇ ಒತ್ತಿದ್ದೆ. ಆದರೆ ನೆಲಮಾಳಿಗೆಯಲ್ಲಿ ಹೆಗ್ಗಣಗಳ ಕಾಟ. ಒಂದು ತಿಂಗಳಲ್ಲಿ ಮೂರು ಸಲ ತಂತಿ ಕಚ್ಚಿದವು. ಮೂರು ಸಲವೂ ಸೈರನ್ ಹೊಡೆದು, ಆರುನೂರ ನಲವತ್ತು ಜನ ಮೂಗಿಗೆ ಮುಸುಕು ಕಟ್ಟಿಕೊಂಡು ಮೆಟ್ಟಿಲು ಇಳಿದರು. ಮೂರನೆಯ ಸಲ ನಮ್ಮ ಗೂಡಿನ ಯಜಮಾನಿ ಸಾವಂತ್ರೆವ್ವನ ಬಸುರಿ ಸೊಸೆಯ ಕುಬಸ ನಡೆದಿತ್ತು. ಆರತಿ ತಟ್ಟೆ ಹಿಡಿದುಕೊಂಡೇ ಬಂದ ಆಕೆ ಎಲ್ಲರೆದುರು ನನ್ನನ್ನು ಜಾಡಿಸಿದಳು: "ಏನವಾ ಗಿರಿಜಾ, ಎಣ್ಣಿ ಅಳ್ಯಾಕ ಇಟ್ಟೀಯೋ, ನಮ್ಮ ಜೀವಾ ತಗ್ಯಾಕ ಇಟ್ಟೀಯೋ? ಇನ್ನೊಮ್ಮಿ ಇದು ಹೊಯ್ಕೊಂಡ್ರ ಕಿತ್ತು ಒಗೀತೀನಿ ನೋಡು." ಅಂದೇ ಹೋಗಿ ಎರಡನೆಯ ಉತ್ತರ ಒತ್ತಿ ಬಂದೆ. ಹಾವೂ ಸಾಯಲಿ, ಕೋಲೂ ಮುರಿಯದಿರಲಿ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ, ಅಣ್ಣನಿಗೂ.

ಈ ಸಲದ ಗಾಳಿ ಎದ್ದ ದಿನ ಬೋರ್ಡಿನ ಮೇಲೆ ಐವತ್ತೆಂಟು ಇತ್ತು. ಎರಡನೆಯ ದಿನವೂ ಐವತ್ತೆಂಟು. ಮೂರನೆಯ ದಿನವೂ ಅದೇ. ದಿನಕ್ಕೆ ಹತ್ತು ಹನ್ನೊಂದು ಬೆರಳು ಕುಡಿಯುವ ಎಂಜಿನ್ನು ಉಪವಾಸ ಹಿಡಿದಿದೆಯೇ ಎಂದು ಯಾರಾದರೂ ಕೇಳಬೇಕಿತ್ತು. ನಮ್ಮವರು ಹಿಗ್ಗಿದರು. ಪಡಸಾಲೆಯಲ್ಲಿ ಸಾವಂತ್ರೆವ್ವ ನನ್ನ ಬೆನ್ನು ತಟ್ಟಿ, "ಮೆದುಳು ಬಂದ ಮ್ಯಾಲ ಎಂಜಿನ್ನ ಕುಡಿಯೋ ಚಟಾನ ಬಿಟ್ಟೈತಿ ನೋಡ್ರಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೊಳಗೆ ಏನೋ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಹೊಗಳಿಕೆ ಕಿವಿಗೆ ಬಿದ್ದಾಗ ಕಣ್ಣು ಮಂಜಾಗುತ್ತದೆ.

ಅದೇ ದಿನ ಮಧ್ಯಾಹ್ನ ಅಡಿವೆಪ್ಪ ನನ್ನ ಕೋಣೆಗೆ ಬಂದ. ಕೈಗೆಲ್ಲ ಎಣ್ಣೆ. ಕೋಲು ಮೂವತ್ತಾರು ತೋರಿಸುತ್ತಿದೆ ಎಂದ. "ಬಾ ತಂಗಿ, ನೀನೂ ಒಮ್ಮಿ ನೋಡು. ಒಬ್ಬಾಂವ ನೋಡಿದ್ದಕ್ಕ ಬೆಲಿ ಇಲ್ಲ. ಇಬ್ಬರೂ ಹೋಗಿ ಹೇಳಿದ್ರ ಇವತ್ತ ಎಂಟನೇ ಗೂಡಿಗೆ ಕೇಳ್ತಾರ." ನಾನು ಊಟಕ್ಕೆ ಕೂತಿದ್ದೆ. ತಟ್ಟೆಯಿಂದ ತಲೆ ಎತ್ತದೆ ಹೇಳಿದೆ: "ನನ್ನ ಬೋರ್ಡ್ ಕಂಡ್ರ ನಿನಗ ಹೊಟ್ಟಿಉರಿ. ಹೋಗಣ್ಣ, ನಾ ಬರೂದಿಲ್ಲ." ಅವನು ಎಣ್ಣೆ ಕೈ ಒರೆಸಿಕೊಂಡ. ಆಮೇಲೆ ಒಬ್ಬನೇ ಸಾವಂತ್ರೆವ್ವನ ಹತ್ತಿರ ಹೋದ. "ಬೋರ್ಡಿಗೇನ ನಿನ್ನ ಮ್ಯಾಲ ಸಿಟ್ಟೈತೇನು, ಸುಳ್ಳ ಹೇಳಾಕ?" ಎಂದು ಕೇಳಿ ಆಕೆ ಅವನನ್ನು ಹೊರಗೆ ಕಳಿಸಿದಳಂತೆ. ನಾಲ್ಕನೆಯ ದಿನವೂ ಹೋದ, ಐದನೆಯ ದಿನವೂ ಹೋದ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ. ಐದನೆಯ ದಿನ ಬಾಗಿಲು ಕಾಯುವವರು ಅವನ ಕೆನ್ನೆಗೆ ಹೊಡೆದರು.

ಆರನೆಯ ದಿನ ನಡುಮಧ್ಯಾಹ್ನ ಎಂಜಿನ್ ಕೆಮ್ಮಿ ನಿಂತಿತು. ಹೊರಗೆ ಆಕಾಶ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬ್ಯಾಟರಿಯ ಬಲದಲ್ಲಿ ಎಚ್ಚರವಿದ್ದ ಮನೆಮೆದುಳು ತನಗೆ ತಿಳಿದಷ್ಟನ್ನು ತನ್ನ ಸಿಹಿ ದನಿಯಲ್ಲಿ ಎಲ್ಲ ಅಂತಸ್ತಿಗೂ ಸಾರಿತು: ಎಣ್ಣೆ ಐವತ್ತೆಂಟು ಬೆರಳು ಇದೆ, ಎಂಜಿನ್ನಿಗೆ ಬರುತ್ತಿಲ್ಲ, ತೂಬು ಮುಚ್ಚಿರಬಹುದು. ತೂಬಿನ ಕೀಲಿ ಯಾರ ಸೊಂಟದಲ್ಲಿದೆ ಎಂದು ಗೂಡಿನ ಕೂಸುಗಳಿಗೂ ಗೊತ್ತಿತ್ತು. ಗೌರವ ಹೋದ ಕೋಲುಗಾರ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಯಾರು ಮೊದಲು ಹೇಳಿದರೋ ತಿಳಿಯದು. ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ನಾನು ನೆಲಮಾಳಿಗೆಗೆ ಇಳಿಯುವ ಹೊತ್ತಿಗೆ ಇನ್ನೂರು ಜನ ಸೇರಿದ್ದರು. ಅಡಿವೆಪ್ಪನನ್ನು ಟ್ಯಾಂಕಿನ ಮುಚ್ಚಳದ ಪಕ್ಕದ ಗೋಡೆಗೆ ಒತ್ತಿ ಹಿಡಿದಿದ್ದರು. ಮುಂದೆ ನಿಂತವನು ಫಕೀರೇಶ, ಮೂರನೆಯ ಅಂತಸ್ತಿನ ರೊಟ್ಟಿ ಸುಡುವವನು. ಒಳ್ಳೆಯ ಮನುಷ್ಯ, ಅಮಾವಾಸ್ಯೆಗೆ ನಮ್ಮ ಮನೆಗೆ ಹೋಳಿಗೆ ಕಳಿಸುತ್ತಿದ್ದ. ಅವನ ಮಗು ಹುಟ್ಟಿ ಒಂಬತ್ತು ದಿನವಾಗಿತ್ತು. "ತೂಬು ಬಿಡಲೇ!" ಎಂದು ಅರಚುತ್ತಿದ್ದ. "ತೂಬು ಬಿಟ್ಟೇ ಐತೋ, ಎಣ್ಣಿನ ಇಲ್ಲ, ಕೋಲು ನೋಡ್ರೋ" ಎಂದು ಅಣ್ಣ ಹೇಳುತ್ತಲೇ ಇದ್ದ. ಆಮೇಲೆ ಅವನಿಗೆ ನಾನು ಕಂಡೆ. ಕೋಲನ್ನು ಜನರ ತಲೆಯ ಮೇಲಿಂದ ನನ್ನ ಕಡೆಗೆ ಚಾಚಿದ. ತುದಿಯಲ್ಲಿ ಎರಡು ಬೆರಳಷ್ಟೇ ಒದ್ದೆ. ಹಳದಿ ಲೇಪ ರಕ್ತದ ಹಾಗೆ ಕೆಂಪಾಗಿತ್ತು. ಆ ಎರಡು ಬೆರಳೂ ಎಣ್ಣೆಯಲ್ಲ, ನೀರು. "ತಂಗಿ ನೋಡ್ಯಾಳ, ಆಕಿನ್ನ ಕೇಳ್ರಿ" ಎಂದ. ನಾನು ನೋಡಿರಲಿಲ್ಲ. ಆದರೆ ಈಗ ಕಣ್ಣೆದುರಿಗೇ ಇತ್ತಲ್ಲ. ನೋಡಿದೆ ಎಂದರೆ ಸಾಕಿತ್ತು, ಜೋಡಿಗಣ್ಣು ಆಗುತ್ತಿತ್ತು, ಹಳಬರು ಕೈ ತಡೆಯುತ್ತಿದ್ದರು. ಇನ್ನೂರು ಜನ ನನ್ನ ಕಡೆ ತಿರುಗಿದರು. ಸಾವಂತ್ರೆವ್ವ ಕೇಳಿದಳು, "ಹೇಳವಾ, ಎಷ್ಟೈತಿ?"

ನಾನು ಹೇಳಿದೆ, "ಬೋರ್ಡ್ ಐವತ್ತೆಂಟು ಅಂತೈತಿ."

ಫಕೀರೇಶನ ಕೈಯಲ್ಲಿ ಒಲೆಯ ಕಬ್ಬಿಣದ ಕೊಕ್ಕೆ ಇತ್ತು. ಮೊದಲ ಏಟು ಅಣ್ಣನ ಮೊಣಕಾಲಿಗೆ. ಎಲುಬು ಮುರಿದ ಸದ್ದು ಆ ಗದ್ದಲದಲ್ಲೂ ನನಗೆ ಕೇಳಿಸಿತು. ಬಿದ್ದವನ ಬಾಯಿಗೆ ಒದ್ದರು, ಬೆರಳುಗಳನ್ನು ಮೆಟ್ಟಿ ಕೀಲಿ ಕಿತ್ತರು. ಅವನದೇ ಹಿತ್ತಾಳೆಯ ಕೋಲಿನಿಂದ ಬೆನ್ನಿಗೆ ಬಾರಿಸಿದರು, ಅದು ಬಿಲ್ಲಿನ ಹಾಗೆ ಬಾಗುವವರೆಗೆ. ಹೆಂಗಸರೂ ಹೊಡೆದರು, ನಾನು ಬಲ್ಲ ಹೆಂಗಸರು. ನನ್ನ ಸೆರಗಿಗೂ ರಕ್ತ ಹಾರಿತು. ನಾನು ಕೂಗಲಿಲ್ಲ. ಮಾತು ಗಂಟಲಲ್ಲೇ ಕೂತಿತ್ತು ಎಂದು ವಿಚಾರಣೆಯಲ್ಲಿ ಹೇಳಿದ್ದೆ, ಅದು ಸುಳ್ಳು. ನನ್ನ ಬೋರ್ಡು ತಪ್ಪಾಗಬಾರದು ಎಂದು ಆ ಗಳಿಗೆಯಲ್ಲೂ ನಾನು ಬಯಸುತ್ತಿದ್ದೆ.

ಕೀಲಿ ಹಾಕಿ ತಿರುಗಿಸಿದರೆ ತೂಬು ತೆರೆದೇ ಇತ್ತು. ಪೆಟ್ಟಿಗೆ ನೋಡಿ ಬಾ ಎಂದು ಸಾವಂತ್ರೆವ್ವ ನನ್ನನ್ನು ಮೆಟ್ಟಿಲ ಮೇಲಿನ ಗೂಡಂಗಡಿಯಂಥ ಕೋಣೆಗೆ ಅಟ್ಟಿದಳು. ಜಾಲರಿ ತೆಗೆದೆ. ಪೆಟ್ಟಿಗೆಯ ಹಣೆಯಲ್ಲಿ ಕಡಲೆಕಾಳಿನಷ್ಟು ಒಂದು ದೀಪ ಮಿನುಗುತ್ತಿತ್ತು, ತಂತಿ ಕಡಿದಿದೆ ಎಂಬ ದೀಪ. ಆರು ದಿನದಿಂದ ಮಿನುಗುತ್ತಿತ್ತು. ಕೆಳಗೆ ಹೆಗ್ಗಣ ಕಡಿದ ತಂತಿಯ ಎರಡು ತುದಿ. ನಾನು "ಖಾಲಿ ಐತಿ! ಖಾಲಿ ಐತಿ!" ಎಂದು ಚೀರುತ್ತ ಓಡಿದೆ. ಅಷ್ಟರಲ್ಲಿ ಅವರು ಟ್ಯಾಂಕಿನ ಮುಚ್ಚಳ ತೆರೆದು, ಒಳಗೆ ಕಾಣಲೆಂದು ಉರಿಯುವ ಬತ್ತಿಯನ್ನು ದಾರಕ್ಕೆ ಕಟ್ಟಿ ಇಳಿಸುತ್ತಿದ್ದರು. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕು ಕೆಟ್ಟದ್ದು, ಅದರ ಹೊಟ್ಟೆಯ ತುಂಬ ಆವಿ ಇರುತ್ತದೆ. ಗೂಡಿನಲ್ಲಿ ಇದನ್ನು ಬಲ್ಲವನು ಒಬ್ಬನೇ ಇದ್ದ, ಅವನ ಬಾಯಿಯನ್ನು ಆಗಲೇ ಒಡೆದಿದ್ದರು.

ಆ ಸದ್ದನ್ನು ನಾನು ಬರೆಯಲಾರೆ. ಮೆಟ್ಟಿಲು ನನ್ನನ್ನು ಉಗುಳಿತು. ಹೊಗೆಯಲ್ಲಿ ಮನುಷ್ಯರು ಉರಿಯುತ್ತ ನಡೆದು ಬಂದರು. ಫಕೀರೇಶ ನಡೆದು ಬರಲಿಲ್ಲ, ಟ್ಯಾಂಕಿನ ಪಕ್ಕ ಬಿದ್ದಿದ್ದ ಅಣ್ಣನೂ ಬರಲಿಲ್ಲ. ಉಳಿದವರು ಹತ್ತನೆಯ ಅಂತಸ್ತಿನ ಉಸಿರುಕೋಣೆಗೆ, ಎಂದರೆ ಗಾಳಿಯ ಸಿಲಿಂಡರ್ ಇಟ್ಟ ಕೋಣೆಗೆ ನುಗ್ಗಿದರು. ಅಲ್ಲಿ ಹಿಡಿಸುವುದು ನೂರು ಜನ. ಒಳಗಿದ್ದವರು ಬಾಗಿಲು ಎಳೆದುಕೊಂಡರು, ಹೊರಗಿದ್ದವರು ಕೈ ತೂರಿಸಿದರು, ಒಳಗಿನವರು ಆ ಕೈಗಳನ್ನು ಈಳಿಗೆಯಿಂದ ಕೊಚ್ಚಿದರು. ಮರುದಿನ ಬೆಳಿಗ್ಗೆ ಗಾಳಿ ತಾನಾಗಿ ನಿಂತಿತು. ಕಿಟಕಿ ತೆರೆದೆವು. ಫಕೀರೇಶನ ಮಗು ಬದುಕಿದೆ, ಅದರ ತಾಯಿ ನನ್ನನ್ನು ನೋಡಿದರೆ ಉಗುಳುತ್ತಾಳೆ, ಉಗುಳಲಿ.

ಹಿಂದಿನವರೇ, ಕೂಡಿಸಬೇಡಿ ಎಂದು ನಾನು ಹೇಳುವುದಿಲ್ಲ. ತಂತಿಗಾರ್ತಿ ಹಾಗೆ ಹೇಳಿದರೆ ನಂಬಬೇಡಿ. ಟ್ಯಾಂಕಿನ ಸುದ್ದಿ ಕಟ್ಟಡಕ್ಕೆ ತಿಳಿಯಲಿ, ಅದು ಒಳ್ಳೆಯದೇ. ಆದರೆ ಆ ಎರಡು ಉತ್ತರಗಳನ್ನು ಪೆಟ್ಟಿಗೆಯಲ್ಲಿ ಮೊದಲು ಬರೆದವರು ನೀವು. ಎರಡನೆಯದನ್ನು ನಾವು ನಿಮ್ಮಿಂದ ಪಡೆದೆವು. ಕಾಣದಿದ್ದಾಗ ಕಾಣುತ್ತಿಲ್ಲ ಎಂದು ಅದು ಕಿರುಚಲಿ, ಕುಬಸ ಕೆಡಲಿ, ಮದುವೆ ಕೆಡಲಿ, ಜನ ನಿಮ್ಮನ್ನು ಬಯ್ಯಲಿ. ಬೈಸಿಕೊಂಡವರು ಯಾರೂ ಸತ್ತಿಲ್ಲ. ಆ ಎರಡನೆಯ ಉತ್ತರದ ಗುಂಡಿಯನ್ನು ನಿಮ್ಮ ನಕ್ಷೆಯಿಂದ ಅಳಿಸಿಬಿಡಿ, ನಮ್ಮವರೆಗೆ ಬರಲು ಬಿಡಬೇಡಿ. ಕೈ ಮುಗಿಯುತ್ತೇನೆ, ಕಾಲಿಗೆ ಬೀಳುತ್ತೇನೆ.

ಇದರಿಂದ ಏನಾಗುತ್ತದೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು, ಆದದ್ದು ಆಗಿಹೋಯಿತಲ್ಲ ಎನ್ನಬಹುದು. ನನಗೆ ಆಗಿಹೋಗಿದೆ. ನಿಮಗಿನ್ನೂ ಆಗಿಲ್ಲ. ನೀವು ಈ ಕಾಗದ ಓದುತ್ತಿರುವ ಹೊತ್ತಿಗೆ ನನ್ನ ಅಣ್ಣನನ್ನು ಇನ್ನೂ ಯಾರೂ ಕೊಂದಿಲ್ಲ.

ಗಿರಿಜವ್ವ